ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಮನೆ, ಬೇರೆ ಬೇರೆ ನಿದ್ದೆ

ಪ್ರಶ್ನೆ: ನನಗೆ 44 ವರ್ಷ. ಯಜಮಾನರು ಗಣಿಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದು ಅವರು ಹಗಲು ಮಲಗಿದಾಗ ಮಕ್ಕಳ ಗದ್ದಲ ಕೇಳಿಸದಂತೆ ನೋಡಿಕೊಳ್ಳುತ್ತೇನೆ, ಮಿಕ್ಸಿ ಸಹ ಹಚ್ಚುವುದಿಲ್ಲ. ರಾತ್ರಿ ಅತ್ತೆಯವರು ಎರಡು ಮೂರು ಸಲ ಕರೆಯುತ್ತಾರೆ. ನಸುಕಿನಲ್ಲೇ ನಳದ ನೀರು, ರೊಟ್ಟಿ, ಬುತ್ತಿ. ಮಧ್ಯಾಹ್ನ ಸ್ವಲ್ಪ ಅಡ್ಡಾದರೆ ಮನೆಯಲ್ಲಿ ಮಾತು ಬರುತ್ತದೆ. ಈಗೀಗ ಬಿಡುವು ಸಿಕ್ಕರೂ ನಿದ್ದೆ ಹತ್ತುವುದಿಲ್ಲ. ಇದು ಕಾಯಿಲೆಯೇ?
– ಓದುಗರೊಬ್ಬರು, ಹಟ್ಟಿ, ರಾಯಚೂರು ಜಿಲ್ಲೆ

ಉತ್ತರ: ಕಾಯಿಲೆಯ ಅಂಶವೂ ಇರಬಹುದು, ಅದನ್ನು ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಪತ್ರ ಓದಿದಾಗ ಮೊದಲು ಕಾಣುವುದು ಮನೆಯ ಏರ್ಪಾಡು. ವಿಲ್ಹೆಲ್ಮ್ ಔಬರ್ಟ್ ಮತ್ತು ಹ್ಯಾರಿಸನ್ ವೈಟ್ ಎಂಬ ಸಮಾಜಶಾಸ್ತ್ರಜ್ಞರು 1959ರಲ್ಲೇ ನಿದ್ರೆಯನ್ನು ತಮ್ಮ ಶಾಸ್ತ್ರದ ವಿಷಯವಾಗಿ ಎತ್ತಿಕೊಂಡು, ಮಲಗಿರುವವರಿಗೆ ಸಮಾಜ ಕೆಲವು ಹಕ್ಕುಗಳನ್ನೂ ಕಟ್ಟುಪಾಡುಗಳನ್ನೂ ಗೊತ್ತುಮಾಡಿರುತ್ತದೆ ಎಂಬುದನ್ನು ಚರ್ಚಿಸಿದ್ದರು. ನಿಮ್ಮ ಮನೆಯಲ್ಲಿ ‘ಎಬ್ಬಿಸಬಾರದು’ ಎಂಬ ಹಕ್ಕು ಯಜಮಾನರಿಗೆ ದೊರೆತಿದೆ, ಅದು ನ್ಯಾಯವೂ ಹೌದು. ಹಗಲಿನ ನಿದ್ದೆ ರಾತ್ರಿಯದರಷ್ಟು ದೀರ್ಘವಾಗಿಯೂ ಗಾಢವಾಗಿಯೂ ಬರುವುದಿಲ್ಲವಾದ್ದರಿಂದ ಪಾಳಿ ಕೆಲಸಗಾರರಿಗೆ ಮನೆಯವರ ಸಹಕಾರ ಬೇಕೇ ಬೇಕು. ನಿಮ್ಮ ದುಡಿಮೆಗೆ ಆರಂಭ, ಮುಕ್ತಾಯದ ಗಂಟೆಗಳಿಲ್ಲದ ಕಾರಣ ನಿಮ್ಮ ನಿದ್ದೆಗೆ ಅಂಥ ಹಕ್ಕು ಇದೆಯೆಂಬುದು ಯಾರಿಗೂ ತೋಚಿಲ್ಲ ಎನ್ನುವುದೇ ನನಗೆ ನೋವಿನ ಸಂಗತಿ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ, ಆ ಕೆಲಸ ಮಾಡುವ ಪುರುಷರು 97 ನಿಮಿಷ ಕೊಡುತ್ತಿದ್ದರು. ಹಾಗೆಂದು ಹೆಂಗಸರ ಒಟ್ಟು ನಿದ್ದೆಯ ಅವಧಿ ಎಲ್ಲೆಡೆಯೂ ಕಡಿಮೆಯೆಂದು ಭಾವಿಸಬಾರದು. ಹಲವು ದೇಶಗಳ ದಿನಚರಿ ಸಮೀಕ್ಷೆಗಳಲ್ಲಿ ಅದು ಗಂಡಸರಷ್ಟೇ, ಕೆಲವೆಡೆ ತುಸು ಹೆಚ್ಚೇ ಇದೆ. ವ್ಯತ್ಯಾಸವಿರುವುದು ನಿದ್ದೆ ಎಷ್ಟು ಸಲ ಮುರಿಯುತ್ತದೆ, ಯಾರಿಗಾಗಿ ಮುರಿಯುತ್ತದೆ ಎಂಬುದರಲ್ಲಿ. ಬ್ರಿಟನ್ನಿನಲ್ಲಿ ಸಾರಾ ಆರ್ಬರ್, ಜೆನ್ನಿ ಹಿಸ್ಲಾಪ್ ಮೊದಲಾದವರು ನಡುವಯಸ್ಸಿನ ಮಹಿಳೆಯರನ್ನು ಮಾತನಾಡಿಸಿದಾಗಲೂ ಮಕ್ಕಳು, ಗಂಡ, ವಯಸ್ಸಾದ ತಂದೆತಾಯಿಯರ ಚಿಂತೆ ರಾತ್ರಿಯಲ್ಲೂ ಅವರ ಪಾಲಿಗೇ ಬರುತ್ತಿರುವುದು ಕಂಡುಬಂತು. ಕಿವಿ ಸದಾ ಇನ್ನೊಬ್ಬರ ಕರೆಗೆ ತೆರೆದಿರುವ ವರ್ಷಗಳು ಕಳೆದ ಮೇಲೆ, ಕರೆ ಬಾರದ ರಾತ್ರಿಯಲ್ಲೂ ಎಚ್ಚರವಾಗುವುದು ಸಹಜ.

ನಿಮ್ಮ ಬಾಣಂತನವನ್ನು ನೆನಪಿಸಿಕೊಳ್ಳಿ. ತವರಿನಲ್ಲಿ ತಾಯಿ ಕೂಸನ್ನು ಎತ್ತಿಕೊಂಡು ಹೋಗಿ ‘ನೀ ಮಲಕೋ’ ಎನ್ನುವ ಆ ಕೆಲವು ತಿಂಗಳಲ್ಲಿ ನಮ್ಮ ಭಾಗದ ಹೆಣ್ಣಿಗೆ ಹಗಲು ಮಲಗುವ ಅನುಮತಿ ಇರುತ್ತದೆ. ತೊಟ್ಟಿಲೊಂದಿಗೆ ಗಂಡನ ಮನೆಗೆ ಮರಳಿದೊಡನೆ ಅದು ಮುಗಿಯುತ್ತದೆ. 2019ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ತಾಯಂದಿರ ನಿದ್ದೆ ಸುಮಾರು ಒಂದು ಗಂಟೆ, ತಂದೆಯರದು ಸುಮಾರು 15 ನಿಮಿಷ ಕಡಿಮೆಯಾಗಿತ್ತು. ಆರು ವರ್ಷಗಳಾದರೂ ಇಬ್ಬರ ನಿದ್ದೆಯೂ ಮೊದಲಿನ ಮಟ್ಟಕ್ಕೆ ಪೂರ್ತಿ ಮರಳಿರಲಿಲ್ಲ. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಅತ್ತೆ ಮಾವಂದಿರ ಆರೈಕೆ ಶುರುವಾಗುವುದರಿಂದ ಸೊಸೆಗೆ ನಡುವೆ ಬಿಡುವೇ ಸಿಗುವುದಿಲ್ಲ.

ಆದ್ದರಿಂದ ಯಜಮಾನರ ವಾರದ ರಜೆಯ ರಾತ್ರಿ ಅತ್ತೆಯವರ ಕರೆಗೆ ಅವರೇ ಏಳಲಿ, ಆ ರಾತ್ರಿ ನೀವು ಬೇರೆ ಕೋಣೆಯಲ್ಲಿ ಮಲಗಿರಿ. ನೀರು ಹಿಡಿಯುವುದನ್ನು ಬೆಳೆದ ಮಕ್ಕಳಿಗೆ ಒಪ್ಪಿಸಿ. ಕಟಕ ರೊಟ್ಟಿ ಮಾಡಿಟ್ಟುಕೊಂಡರೆ ವಾರದಲ್ಲಿ ಕೆಲವು ನಸುಕುಗಳಾದರೂ ಉಳಿಯುತ್ತವೆ. ಮಧ್ಯಾಹ್ನದ ಅರ್ಧ ಗಂಟೆಯ ವಿಶ್ರಾಂತಿಯ ಬಗ್ಗೆ ಅತ್ತೆಯವರೊಂದಿಗೆ ಯಜಮಾನರೇ ಮಾತನಾಡುವುದು ಒಳ್ಳೆಯದು. ಸೊಸೆ ಕೇಳಿದರೆ ಮೈಗಳ್ಳತನ ಎನಿಸುವುದು ಮಗ ಹೇಳಿದಾಗ ಆರೋಗ್ಯದ ಮಾತಾಗುತ್ತದೆ. ಇದು ಅನ್ಯಾಯವೇ ಆದರೂ ಸದ್ಯಕ್ಕೆ ಉಪಯೋಗಕ್ಕೆ ಬರುತ್ತದೆ.

ಇನ್ನು ವೈದ್ಯರ ವಿಷಯ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುನ್ನ ರಾತ್ರಿ ಮೈ ಬಿಸಿಯಾಗಿ ಬೆವರುವುದುಂಟು. ಕಬ್ಬಿಣಾಂಶ ಕಡಿಮೆಯಿದ್ದರೆ ಮಲಗಿದಾಗ ಕಾಲು ಜಗ್ಗಿದಂತಾಗಿ ಆಡಿಸುತ್ತಲೇ ಇರಬೇಕೆನಿಸಬಹುದು. ಇವು ಇದ್ದರೆ, ಅಥವಾ ವಾರಕ್ಕೆ ಮೂರು ರಾತ್ರಿಯಂತೆ ನಿದ್ರಾಹೀನತೆ ಮೂರು ತಿಂಗಳು ಮುಂದುವರಿದಿದ್ದರೆ ವೈದ್ಯರನ್ನು ಕಾಣಿರಿ. ಅವರನ್ನು ಕೇಳದೆ ಔಷಧದ ಅಂಗಡಿಯಿಂದ ನಿದ್ದೆ ಮಾತ್ರೆ ತರಿಸಿಕೊಳ್ಳಬೇಡಿ.

ಪ್ರಶ್ನೆ: ಪಿಯುಸಿ ಓದುವ ಮಗ ನಡುರಾತ್ರಿಯವರೆಗೆ ಎಚ್ಚರವಿದ್ದು ಎಂಟಕ್ಕೆ ಏಳುತ್ತಾನೆ. ಹತ್ತನೆಯ ತರಗತಿಯ ಮಗಳು ಐದಕ್ಕೇ ಎದ್ದು ಅಂಗಳ ಗುಡಿಸುತ್ತಾಳೆ. ಮಗನ ಸೋಮಾರಿತನ ಬಿಡಿಸುವುದು ಹೇಗೆ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುವುದರಿಂದ ನಿದ್ದೆ ತಡವಾಗಿ ಬರುತ್ತದೆ, ಎಚ್ಚರವೂ ತಡವಾಗುತ್ತದೆ, ಸುಮಾರು 20ನೇ ವಯಸ್ಸಿನ ನಂತರ ಅದು ತಾನಾಗಿ ಮುಂದಕ್ಕೆ ಬರುತ್ತದೆ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿಸಿ, ಬೆಳಗಿನ ಬಿಸಿಲಿಗೆ ಕರೆತನ್ನಿ, ಬೈಯಬೇಡಿ. ಆದರೆ ನನಗೆ ಹೆಚ್ಚು ಕಳವಳವಾದದ್ದು ಮಗಳ ಬಗ್ಗೆ. ಅವಳ ದೇಹದಲ್ಲೂ ಅದೇ ಬದಲಾವಣೆ ನಡೆಯುತ್ತಿದೆ, 14ರಿಂದ 17ರ ವಯಸ್ಸಿನವರಿಗೆ 8ರಿಂದ 10 ಗಂಟೆಯ ನಿದ್ದೆ ಬೇಕು. ಅವಳು ರಾತ್ರಿ ಎಷ್ಟಕ್ಕೆ ಮಲಗುತ್ತಾಳೆಂದು ನೀವು ಬರೆದಿಲ್ಲ. ಅಂಗಳದ ಕೆಲಸವನ್ನು ಸಂಜೆಗೆ ಮುಂದೂಡಿ, ಅಣ್ಣ ತಂಗಿ ಇಬ್ಬರಿಗೂ ಹಂಚಿ.