ಮಂಗಳ ಮುಗಿದ ಮೇಲೂ ಆಫ್ ಮಾಡಬೇಡಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆ ಒಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರು ಕಳಿಸಿದ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿ ಹಾಕುತ್ತಿದ್ದೇನೆ.

"ಸಂಪಾದಕರಿಗೆ ನಮಸ್ಕಾರ. ಸದ್ಯ ನಾನು ಫೋನಿನಲ್ಲಿ ಕೇಳುತ್ತಿರುವುದು ಇವು: ಎಂ.ಎಸ್. ಸುಬ್ಬುಲಕ್ಷ್ಮಿ, ಲಾಲ್ಗುಡಿ ಜಯರಾಮನ್ ಅವರ ತಿಲ್ಲಾನಗಳು, ಮಾಲಿ ಅವರ ಕೊಳಲು, ಮಲ್ಲಿಕಾರ್ಜುನ ಮನ್ಸೂರರ ಬಿಹಾರಿ, ಭೀಮಸೇನ ಜೋಶಿಯವರ ದಾಸರ ಪದ, ಪಾಬ್ಲೊ ಕಸಾಲ್ಸ್ ನುಡಿಸಿದ ಬಾಖ್‌ನ ಚೆಲ್ಲೊ ಸ್ವೀಟ್‌ಗಳು (suite, ದೊಡ್ಡ ಪಿಟೀಲಿನಂಥ ಚೆಲ್ಲೊಗೆ ಬರೆದ ಮಾಲೆ), ಗ್ಲೆನ್ ಗೂಲ್ಡ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ (ಪಿಯಾನೋದಲ್ಲಿ, ಎರಡು ಸಲ ರೆಕಾರ್ಡ್ ಆದದ್ದು ಎರಡೂ). ಪಟ್ಟಿಯಲ್ಲಿ ಇನ್ನೂ ಇನ್ನೂರು ಚಿಲ್ಲರೆ ಇವೆ. ಗೂಲ್ಡ್ ಒಬ್ಬನನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಅರ್ಧ ಕೇಳಿ ಮುಂದಿನದಕ್ಕೆ ಹೋಗುತ್ತೇನೆ. ನಮ್ಮ ಮಾವನವರು ತೀರಿಕೊಂಡ ಮೇಲೆ ಅವರ ಎರಡು ಪೆಟ್ಟಿಗೆ ಕ್ಯಾಸೆಟ್ ಅಟ್ಟದ ಮೇಲೆ ಹಾಗೇ ಇವೆ. ಜಾಸ್ತಿ ರೇಡಿಯೋದಿಂದ ಹಿಡಿದದ್ದು, ಬರೀ ಸುಯ್ ಅನ್ನುವ ಸದ್ದು. ಒಂದರ ಮೇಲೆ 'ವೀಣೆ, ಮೃ:' ಅಂತ ಬರೆದಿದೆ (ಮೃದಂಗ ಇರಬೇಕು), ಮುಂದಿನ ಮಸಿ ಹರಡಿಹೋಗಿದೆ. ಎಲ್ಲಾ ಫೋನಿನಲ್ಲೇ ಸಿಗುವಾಗ ಇವನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಮನೆಯಲ್ಲಿ ಕೇಳುತ್ತಾರೆ. ನೀವೇನು ಹೇಳುತ್ತೀರಿ? ನೀವು ಈಗ ಏನು ಕೇಳುತ್ತಿದ್ದೀರಿ?"

ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಫೋನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ನನ್ನ ವಯಸ್ಸಿನವರು ಮನ್ಸೂರರ ಒಂದು ರೆಕಾರ್ಡು ಬೇಕು ಅಂದರೆ ಹಾಸನದಿಂದ ಬೆಂಗಳೂರಿಗೆ ಬಸ್ ಹತ್ತುತ್ತಿದ್ದೆವು. ಅಲ್ಲೂ ಎಷ್ಟೋ ಸಲ ಸಿಗುತ್ತಿರಲಿಲ್ಲ. ನೀವು ಅದನ್ನು ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಕೇಳುತ್ತೀರಿ. ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಆ ಇನ್ನೂರು ಚಿಲ್ಲರೆಯ ಬಗ್ಗೆ.

ನಿಮ್ಮ ಪಟ್ಟಿಯಲ್ಲೇ ಇರುವ ಕಸಾಲ್ಸ್‌ರನ್ನು ನೋಡಿ. 13ನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಒಂದು ಹಳೇ ಅಂಗಡಿಯಲ್ಲಿ ಆ ಆರು ಸ್ವೀಟ್‌ಗಳ ಪುಸ್ತಕ ಅವರ ಕೈಗೆ ಸಿಕ್ಕಿತು. ಸಿಕ್ಕ ಮೇಲೆ ಸುಮಾರು 12 ವರ್ಷ ಮನೆಯಲ್ಲೇ ಅಭ್ಯಾಸ ಮಾಡಿದರು. ಆಮೇಲೆ ಸಭೆಯಲ್ಲಿ ನುಡಿಸಿದರು. ನೀವು ಕೇಳುತ್ತಿರುವ ರೆಕಾರ್ಡಿಂಗ್ ಆದದ್ದು 1936ರಿಂದ 1939ರ ನಡುವೆ, ಅವರಿಗೆ ಅರವತ್ತು ತುಂಬುವ ಹೊತ್ತಿಗೆ. ಅಂದರೆ 45 ವರ್ಷಕ್ಕೂ ಹೆಚ್ಚು ಒಂದೇ ಪುಸ್ತಕದ ಜೊತೆ ಇದ್ದವರು ನುಡಿಸಿದ್ದು. ಅದನ್ನು ನಾವು ಅರ್ಧ ಕೇಳಿ ಪಕ್ಕಕ್ಕೆ ಸರಿಸಿದರೆ ಹೇಗೆ?

ಗೂಲ್ಡ್ ವಿಷಯದಲ್ಲಿ ನಿಮ್ಮ ಬೆನ್ನು ತಟ್ಟಬೇಕು. ಎರಡೂ ಸಲದ್ದನ್ನು ಪೂರ್ತಿ ಕೇಳಿದ್ದೀರಿ. 1955ರಲ್ಲಿ, 22ರ ಹುಡುಗ, 38 ನಿಮಿಷ ಚಿಲ್ಲರೆಯಲ್ಲಿ ಮುಗಿಸಿದ. 1981ರಲ್ಲಿ ಅದೇ ಕೃತಿಗೆ 51 ನಿಮಿಷ ತೆಗೆದುಕೊಂಡ. ಮರುವರ್ಷ ತೀರಿಕೊಂಡ. ಮೊದಲ ಏರಿಯಾವನ್ನು (aria, ಕೃತಿ ಶುರುವಾಗುವ ಮಟ್ಟನ್ನು) ಎರಡರಲ್ಲೂ ಒಂದರ ಹಿಂದೆ ಒಂದು ಕೇಳಿ. 1981ರದ್ದರಲ್ಲಿ ಒಂದು ಸ್ವರ ಪೂರ್ತಿ ಆರುವ ತನಕ ಕಾಯುತ್ತಾನೆ, ಆಮೇಲೆ ಮುಂದಿನದನ್ನು ಮುಟ್ಟುತ್ತಾನೆ. ಹಿಂದೆ ಸಣ್ಣಗೆ ಗುನುಗುವುದೂ ಕೇಳುತ್ತದೆ. ಇಂಥದ್ದು ಹೊಳೆಯುವುದು ಯಾರಿಗೆ? ಎರಡನ್ನೂ ಕಡೆತನಕ ಕೇಳಿದವರಿಗೆ. ನಿಮ್ಮಲ್ಲಿ ಆ ಕಿವಿ ಇದೆ. ಅದನ್ನು ಇನ್ನೂರು ಕಡೆ ಹಂಚಬೇಡಿ ಅನ್ನುವುದೇ ನನ್ನ ಮಾತು.

ನಮ್ಮ ಕಡೆಯ ಹುಡುಗಿ ಪಿಯಾನೋ ಯಾಕೆ ಕೇಳಬೇಕು ಅಂತ ಯಾರಾದರೂ ಕೇಳಿದರೆ, ಮೈಸೂರಿನ ಮಹಾರಾಜರ ಕಥೆ ಹೇಳಿ. ರಷ್ಯಾದ ಮೆಟ್ನರ್ ಅನ್ನುವ ಸಂಗೀತಗಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಅವರೇ ನುಡಿಸಿ ರೆಕಾರ್ಡ್ ಮಾಡಲಿ ಅಂತ ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. ಆ ಪಿಯಾನೋ ಗ್ರಾಮಫೋನ್ ತಟ್ಟೆಗಳ ಹಿಂದೆ ನಮ್ಮ ಸೀಮೆಯ ದುಡ್ಡಿದೆ. ಅದೇ ಮಹಾರಾಜರು ಕರ್ನಾಟಕ ಶೈಲಿಯಲ್ಲಿ 94 ಕೃತಿ ರಚಿಸಿದವರು.

ಈಗ ಸ್ವಲ್ಪ ಗದರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪಟ್ಟಿಯಲ್ಲಿ ಬಾರ್ಸಿಲೋನಾ ಇದೆ, ಲಾಲ್ಗುಡಿ ಇದೆ, ಧಾರವಾಡ ಇದೆ. ಪಕ್ಕದ ಹಾಸನ ಜಿಲ್ಲೆಯವರು ಒಬ್ಬರೂ ಇಲ್ಲವಲ್ಲ! 1920ನೇ ಇಸವಿ ಒಂದರಲ್ಲೇ ನಮ್ಮ ಜಿಲ್ಲೆಯಲ್ಲಿ ಇಬ್ಬರು ಹುಟ್ಟಿದರು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್. ಗಡ್ಡವಳ್ಳಿಯಲ್ಲಿ ವೀಣೆಯ ದೊರೆಸ್ವಾಮಿ ಅಯ್ಯಂಗಾರ್. ಇಬ್ಬರೂ ಮೈಸೂರಿನಲ್ಲಿ ಬೆಳೆದರು, ಇಬ್ಬರೂ ಆಕಾಶವಾಣಿಯಲ್ಲಿ ಕೆಲಸ ಮಾಡಿದರು, ಇಬ್ಬರೂ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದರು. ಕಾಫಿ ನಮ್ಮ ತೋಟದಲ್ಲೇ ಬೆಳೆದರೂ ಯಾವುದೋ ಊರಿನ ಪ್ಯಾಕೆಟ್ಟಿನಲ್ಲಿ ಬಂದಾಗಲೇ ರುಚಿ ಅನ್ನುವವರಿದ್ದಾರೆ. ನೀವು ಅವರ ಸಾಲಿಗೆ ಸೇರಬೇಡಿ.

ಕಾವೇರಿ ದಡದ ರುದ್ರಪಟ್ಟಣಕ್ಕೆ ಒಂದು ಭಾನುವಾರ ಹೋಗಿಬನ್ನಿ. ಶ್ರೀಕಂಠನ್ ಅವರಲ್ಲದೆ ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಇನ್ನೂ ಎಷ್ಟು ಮಂದಿ ಆ ಪುಟ್ಟ ಊರಿನಿಂದ ಬಂದವರು! ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ. ಬಂದು ಶ್ರೀಕಂಠನ್ ಅವರ ಯಾವುದಾದರೂ ಒಂದು ದೇವರನಾಮ ಹಾಕಿ. ಮಾತು ಒಂದೂ ಒಡೆಯುವುದಿಲ್ಲ. ಪದವನ್ನು ಎಲ್ಲಿ ಬಿಡಿಸಬೇಕೋ ಅಲ್ಲೇ ಉಸಿರು. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದ ಗಂಟಲು ಅದು.

ನಾನು ಈಗ ಏನು ಕೇಳುತ್ತಿದ್ದೇನೆ ಅಂತ ಕೇಳಿದ್ದೀರಿ. ಈ ತಿಂಗಳು ಒಂದೇ ಒಂದು. ನಮ್ಮ ತಂದೆ ರೇಡಿಯೋದಿಂದ ಹಿಡಿದ ದೊರೆಸ್ವಾಮಿ ಅಯ್ಯಂಗಾರ್ ಅವರ ಕಛೇರಿ, ಸಿ-90 ಕ್ಯಾಸೆಟ್ಟಿನಲ್ಲಿ.

ಅವರದು ಮೈಸೂರು ಬಾನಿ, ಅಂದರೆ ಮೈಸೂರಿನವರು ವೀಣೆ ನುಡಿಸುವ ರೀತಿ. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು, ಆ ವೆಂಕಟಗಿರಿಯಪ್ಪನವರು ವೀಣೆ ಶೇಷಣ್ಣನವರ ಶಿಷ್ಯರು. ಒಂದೊಂದು ಮೀಟೂ ಬಿಡಿಬಿಡಿಯಾಗಿ, ಮುತ್ತು ಸುರಿದ ಹಾಗೆ ಕೇಳುತ್ತದೆ. ತಂತಿಯನ್ನು ವಿಪರೀತ ಎಳೆದಾಡುವುದಿಲ್ಲ. ಆ ಕ್ಯಾಸೆಟ್ಟಿನಲ್ಲಿ ತಾನ (ತಾಳವಿಲ್ಲದೆ ಲಯಕ್ಕೆ ನುಡಿಸುವ ಭಾಗ) ಒಳ್ಳೆ ಕಾವು ಏರಿದಾಗ ಮೊದಲ ಮಗ್ಗುಲು ಮುಗಿದುಹೋಗುತ್ತದೆ, ಸರಿಯಾಗಿ 45 ನಿಮಿಷಕ್ಕೆ. ತಂದೆ ಲಗುಬಗೆಯಿಂದ ತಿರುಗಿಸಿ ಹಾಕಿದ್ದಾರೆ. ನಾಲ್ಕೈದು ಸೆಕೆಂಡು ಇಲ್ಲ. ಆದರೆ ಅದಲ್ಲ ವಿಶೇಷ. ಅವರು ಟೇಪ್ ರೆಕಾರ್ಡರನ್ನು ರೇಡಿಯೋದ ಎದುರಿಗೆ ಮೇಜಿನ ಮೇಲಿಟ್ಟು ಹಿಡಿದದ್ದು. ಹಾಗಾಗಿ ಅವರು ಅದೇ ಮೇಜಿನ ಮೇಲೆ ಆದಿತಾಳ ಹಾಕುವ ಸದ್ದೂ ಅದರಲ್ಲಿ ಸೇರಿಕೊಂಡಿದೆ. ತನಿ, ಅಂದರೆ ಮೃದಂಗದವರೊಬ್ಬರೇ ನುಡಿಸುವ ಸರದಿ, ಶುರುವಾಗುತ್ತದೆ. ಅಪ್ಪ ಗಟ್ಟಿಯಾಗಿ ಎಣಿಸುತ್ತಾರೆ. ಮೃದಂಗದವರು ನಡೆ ಬದಲಿಸುತ್ತಾರೆ. ಅಪ್ಪನ ಕೈ ಒಂದು ಅಕ್ಷರ ಮುಂದೆ ಹೋಗುತ್ತದೆ, ಇನ್ನೊಂದು ಆವರ್ತ ಎಳೆಯುತ್ತದೆ, ನಿಂತುಬಿಡುತ್ತದೆ. ಬರೀ ಮೃದಂಗ. ಆಮೇಲೆ ಮುಕ್ತಾಯ ಮೂರು ಸಲ ಬರುತ್ತದಲ್ಲ, ಮೂರನೆಯದರ ಕೊನೆಗೆ ಸಮಕ್ಕೆ (ತಾಳದ ಸುತ್ತು ಶುರುವಾಗುವ ಜಾಗಕ್ಕೆ) ಸರಿಯಾಗಿ ಮೇಜಿನ ಮೇಲೆ ಒಂದು ಪೆಟ್ಟು. ಸಿಕ್ಕಿತು! ನಾನು ತಾಳ ಕಲಿತದ್ದೇ ಆ ತಪ್ಪು ಮತ್ತು ಆ ಪೆಟ್ಟಿನ ನಡುವೆ. ಅಪ್ಪನ ಕೈ ಎಲ್ಲಿ ಜಾರಿತು ಅಂತ ಹುಡುಕಲು ಎಷ್ಟು ಸಲ ಹಿಂದಕ್ಕೆ ಸುತ್ತಿದ್ದೇನೋ. ಹಾಗೆ ಹುಡುಕುತ್ತಾ ಹುಡುಕುತ್ತಾ ಆ ಮೃದಂಗ ನನ್ನ ಕೈಗೂ ಬಂತು.

ನೀವು ಹೇಳಿದ ಆ 'ಸುಯ್' ಬಗ್ಗೆ ನನಗೆ ಒಂದು ಕಹಿ ಅನುಭವ ಇದೆ. ಕೆಲವು ವರ್ಷದ ಹಿಂದೆ ಇಂಥದ್ದೇ ಹತ್ತು ಕ್ಯಾಸೆಟ್ಟುಗಳನ್ನು ಒಂದು ಅಂಗಡಿಗೆ ಕೊಟ್ಟು, ಕಂಪ್ಯೂಟರಿಗೆ ಹಾಕಿಸಿದೆ. 'ಎಲ್ಲಾ ಕ್ಲೀನ್ ಮಾಡಿದ್ದೀವಿ ಸಾರ್' ಅಂದರು. ಮನೆಗೆ ತಂದು ಹಾಕಿದರೆ ಸದ್ದೇನೋ ಹೋಗಿದೆ, ಜೊತೆಗೆ ತಂಬೂರಿಯೂ ಹೋಗಿದೆ. ಒಂದೇ ಸಮನೆ ಬರುವ ನಾದ ಅಲ್ಲವಾ, ಯಂತ್ರ ಅದನ್ನೂ ಗಲಾಟೆ ಅಂತಲೇ ತಿಳಿದಿದೆ. ಕೃತಿಗಳ ನಡುವಿನ ಬಿಡುವನ್ನೂ ಕತ್ತರಿಸಿದ್ದಾರೆ. ಶ್ರುತಿ ಇಲ್ಲದ ಹಾಡು ನೆಲ ಇಲ್ಲದ ಮನೆಯ ಹಾಗೆ. ಅದನ್ನು ಕೇಳಲು ನನ್ನಿಂದ ಆಗಲಿಲ್ಲ.

ಆ ಬಿಡುವಿನಲ್ಲಿ ಏನಿರುತ್ತದೆ ಗೊತ್ತಾ? ಚಿಕ್ಕಂದಿನಲ್ಲಿ ರಾಮನವಮಿ ಚಪ್ಪರದಲ್ಲಿ ನಾನು ಯಾವಾಗಲೂ ಮೃದಂಗದವರ ಮಗ್ಗುಲಿಗೇ ಕೂರುತ್ತಿದ್ದೆ. ಅವರು ಒಂದು ಪುಟ್ಟ ಬಟ್ಟಲಿನಲ್ಲಿ ರವೆ ನೆನೆಸಿಟ್ಟಿರುತ್ತಿದ್ದರು. ಅದನ್ನು ಉಂಡೆ ಮಾಡಿ ಎಡಗಡೆಯ ಮುಚ್ಚಿಗೆಗೆ ಒತ್ತಿ, ಹೆಬ್ಬೆರಳಿನಲ್ಲಿ ಹರಡಿ, ಒಂದು ಸಲ 'ಧೊಂ' ಅನ್ನಿಸಿ ನೋಡುತ್ತಿದ್ದರು. ಸಾಲದಿದ್ದರೆ ಇನ್ನಷ್ಟು. ಬಲಗಡೆಗೆ ಕಲ್ಲಿನಿಂದ ಟಕ್ ಟಕ್. ಗಾಯಕರು ಒಂದು ಗುಟುಕು ನೀರು ಕುಡಿದು, ಪಿಟೀಲಿನವರ ಕಡೆ ತಿರುಗಿ ರಾಗ ಹೇಳುತ್ತಿದ್ದರು. ಸ್ಟುಡಿಯೋ ತಟ್ಟೆಯಲ್ಲಿ ಇದೊಂದೂ ಇರುವುದಿಲ್ಲ. ರೇಡಿಯೋ ಕಛೇರಿಯಲ್ಲಿ, ಚಪ್ಪರದಲ್ಲಿ ಹಿಡಿದ ಕ್ಯಾಸೆಟ್ಟಿನಲ್ಲಿ ಇರುತ್ತದೆ. ಸ್ಟುಡಿಯೋದಲ್ಲಿ ಚೊಕ್ಕಟವಾಗಿ ಹಾಡಿದ್ದಕ್ಕೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಆ ಕಲ್ಲಿನ ಟಕ್ ಟಕ್ ಬೇಕು.

ಹೆಸರುಗಳ ವಿಷಯ ಇದಕ್ಕಿಂತ ಬೇಸರದ್ದು. ನಿಮ್ಮ ಫೋನಿನಲ್ಲಿ ಮಾಲಿ ಅವರ ಕೊಳಲಿಗೆ ಪಿಟೀಲು ಯಾರದು, ಮೃದಂಗ ಯಾರದು ಅಂತ ಇದೆಯಾ? ಎಷ್ಟೋ ಕಡೆ ಇರುವುದಿಲ್ಲ. ರಾಗದ ಹೆಸರು ತಪ್ಪು, ಇಸವಿ ಇಲ್ಲ, ತನಿ ಕತ್ತರಿಸಿ ಬಿಸಾಕಿರುತ್ತಾರೆ. ಒಂದೂವರೆ ಗಂಟೆ ಬೆನ್ನಿಗೆ ನಿಂತವರ ಹೆಸರು ಹಾಕಲು ಒಂದು ಸಾಲಿನ ಜಾಗ ಇಲ್ಲವಾ? 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗೆ ಹಾಡಿದಾಗ, ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಗಟ್ಟಿಯಾಗಿ ಕೂಗಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಿತ್ತು. ಮೂರು ನಿಮಿಷದ ತಟ್ಟೆಯಲ್ಲೂ ಹೆಸರಿಗೆ ಜಾಗ ಇತ್ತು! ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೇ ಬಂದು ಅರಮನೆಯ ವಿದ್ವಾಂಸರಾಗಿ, 1930ರಲ್ಲಿ ಅಲ್ಲೇ ತೀರಿಕೊಂಡರು. ಇವತ್ತಿಗೂ ಆ ತಟ್ಟೆ ಹಾಕಿದರೆ ಅವರ ಹೆಸರು ಅವರ ಬಾಯಲ್ಲೇ ಬರುತ್ತದೆ.

ಹೆಸರು ಮರೆತ ಮೇಲೆ ಮನುಷ್ಯರನ್ನು ಬಿಡುವುದೂ ಸುಲಭ. ಹೋದ ವರ್ಷ ಸಂಬಂಧಿಕರ ಮದುವೆಗೆ ಹೋಗಿದ್ದೆ. ಛತ್ರಕ್ಕೆ ಲಕ್ಷಗಟ್ಟಲೆ ಖರ್ಚು, ಊಟಕ್ಕೆ ಮೂರು ಬಗೆ ಸಿಹಿ. ಮಾಂಗಲ್ಯಧಾರಣೆ ಹೊತ್ತಿಗೆ ಪುರೋಹಿತರು 'ಗಟ್ಟಿಮೇಳ' ಅಂದರು. ಒಬ್ಬ ಹುಡುಗ ಪೆನ್‌ಡ್ರೈವ್ ಒತ್ತಿದ. ಬಂದದ್ದು ಯಾವುದೋ ಸಿನಿಮಾ ಹಾಡು. ಅವನು ಗಾಬರಿಯಿಂದ ಬದಲಿಸುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ವಾಲಗದವರಿಲ್ಲವಾ? ಇದ್ದಾರೆ. ಡೋಲಿನವರ ಬೆರಳಿಗೆ ಹಾಕುವ ಗಟ್ಟಿ ಕವಚಗಳ ಸದ್ದು ಕೇಳಿ ಬೆಳೆದವರು ನಾವು. ಅದೇ ಊರಿನಲ್ಲಿ ಈಗ ಅವರು ಮನೆಯಲ್ಲಿ ಕೂತಿದ್ದಾರೆ. ಮದುವೆಗೆ ಕರೆಯದಿದ್ದರೆ ಅವರ ಮಕ್ಕಳು ನಾಗಸ್ವರ ಯಾಕೆ ಕಲಿಯುತ್ತಾರೆ? ತಂಗಿ, ನಿಮ್ಮ ಮನೆಯಲ್ಲಿ ಮುಂದೆ ಯಾವ ಶುಭಕಾರ್ಯ ಆದರೂ ವಾಲಗದವರನ್ನು ಕರೆಸಿ. ಒಂದು ಬಗೆ ಸಿಹಿ ಕಡಿಮೆ ಮಾಡಿದರೆ ಆಯಿತು.

ಮತ್ತೆ ನಿಮ್ಮ ಪೆಟ್ಟಿಗೆಗೆ ಬರುತ್ತೇನೆ. ಖಂಡಿತ ಎಸೆಯಬೇಡಿ. ಚಿಕ್ಕಮಗಳೂರಿನ ಮಳೆಗೆ ಬೂಷ್ಟು ಹಿಡಿದಿರಬಹುದು, ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಹಾಗೆ ಕಾಣುತ್ತದೆ. ಅಂಥದ್ದನ್ನು ಬೇರೆ ಇಡಿ. ಒಳ್ಳೆ ಪ್ಲೇಯರಿಗೆ ಹಾಕಬೇಡಿ, ಅದರಿಂದ ಮಿಕ್ಕವಕ್ಕೂ ಹತ್ತುತ್ತದೆ. ಬಿಸಿಲಿಗೂ ಇಡಬೇಡಿ. ಚೆನ್ನಾಗಿರುವವನ್ನು ಮೊದಲು ಒಂದು ಸಲ ಕೊನೆತನಕ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಒತ್ತಿ. ಟೇಪಿನ ಹಿಂದೆ ಪುಟ್ಟ ಪ್ಯಾಡು ಇರುತ್ತದೆ, ಅದು ಉದುರಿಹೋಗಿದ್ದರೆ ಸದ್ದು ಮಂಕಾಗುತ್ತದೆ. ಮೇಲ್ಗಡೆ ಮೂಲೆಗಳಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಹಾಕಿ, ಆಗ ಯಾರೂ ಕೈತಪ್ಪಿ ಅದರ ಮೇಲೆ ಇನ್ನೇನನ್ನೋ ರೆಕಾರ್ಡ್ ಮಾಡಲು ಆಗುವುದಿಲ್ಲ. ಕಂಪ್ಯೂಟರಿಗೆ ಹಾಕಿಸುವಾಗ 'ಏನೂ ಕ್ಲೀನ್ ಮಾಡಬೇಡಿ, ಇದ್ದದ್ದು ಇದ್ದ ಹಾಗೇ ಹಾಕಿ' ಅಂತ ಎರಡು ಸಲ ಹೇಳಿ. ಇದೆಲ್ಲ ಜೂನ್ ಮಳೆಗೆ ಮುಂಚೆ ಆಗಲಿ.

ಮೊದಲು ಆ 'ವೀಣೆ, ಮೃ:' ಅಂತ ಬರೆದ ಕ್ಯಾಸೆಟ್ಟನ್ನೇ ತೆಗೆಯಿರಿ. ಒಂದು ತಿಂಗಳು ಅದೊಂದನ್ನೇ ಕೇಳಿ, ಇನ್ನೂರು ಚಿಲ್ಲರೆ ಎಲ್ಲಿಗೂ ಓಡಿಹೋಗುವುದಿಲ್ಲ. ಎರಡನೇ ಮಗ್ಗುಲಿನಲ್ಲಿ ಮಂಗಳ ಮುಗಿದ ಮೇಲೂ ಆಫ್ ಮಾಡಬೇಡಿ. ರೇಡಿಯೋದವರು ಕಛೇರಿ ಮುಗಿದ ಮೇಲೆ ಪಕ್ಕವಾದ್ಯದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನಿಮ್ಮ ಮಾವನವರು ಅಲ್ಲಿವರೆಗೂ ಹಿಡಿದಿದ್ದರೆ ಮಸಿಯಲ್ಲಿ ಹರಡಿಹೋದ ಹೆಸರು ಅಲ್ಲಿರುತ್ತದೆ. ಸಿಕ್ಕಿದರೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.