ಓದುಗರ ಪ್ರಶ್ನೆ: ಸೂಪರ್‌ಕಂಪ್ಯೂಟರ್ ಸಮ್ಮೇಳನದಲ್ಲಿ ಏನು ಕೇಳಬೇಕು?

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ಡಿಸೆಂಬರಿನ ಹೈಪಿಸಿ (ಅತಿವೇಗದ ಕಂಪ್ಯೂಟಿಂಗ್ ಕುರಿತ) ಸಮ್ಮೇಳನಕ್ಕೆ ಹೋಗುವಾಸೆ. ಒಂದೇ ಹೊತ್ತಿಗೆ ಬೇರೆ ಬೇರೆ ಕೋಣೆಗಳಲ್ಲಿ ಉಪನ್ಯಾಸಗಳಿರುತ್ತವಂತೆ. ಯಾವುದಕ್ಕೆ ಕೂಡಲಿ? ತಲೆಗೆ ಹತ್ತದಿದ್ದರೆ?
– ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ದಿನಕ್ಕೆ ನಾಲ್ಕು ಉಪನ್ಯಾಸ ಸಾಕು. ಹಿಂದಿನ ರಾತ್ರಿಯೇ ಆ ನಾಲ್ಕರ ಸಾರಾಂಶ ಓದಿ, ಯಾವ ಯಂತ್ರ, ಎಷ್ಟು ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ), ಯಾವುದಕ್ಕೆ ಹೋಲಿಸಿದ್ದಾರೆ ಎಂದು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿ ದರದ ನೋಂದಣಿಗೆ ಕಾಲೇಜಿನ ಗುರುತಿನ ಚೀಟಿ ಬೇಕಾಗುತ್ತದೆ, ಮೊದಲೇ ಸ್ಕ್ಯಾನ್ ಮಾಡಿಡಿ.

ಕೋಣೆಯಲ್ಲಿ, ಕೋರ್ ಹೆಚ್ಚಿದಂತೆ ವೇಗ ಎಷ್ಟು ಪಟ್ಟು ಹೆಚ್ಚಿತೆಂದು ತೋರಿಸುವ ಗ್ರಾಫ್ ಬಂದಾಗ ಗೆರೆಗಿಂತ ಮೊದಲು ಅಕ್ಷ ನೋಡಿ. ಎರಡೂ ಅಕ್ಷಗಳ ಮೇಲೆ 64, 128, 256 ಎಂದು ದುಪ್ಪಟ್ಟಾಗುತ್ತ ಹೋಗಿದ್ದರೆ, ಆದರ್ಶ ಗೆರೆಗಿಂತ (ಕೋರ್ ದುಪ್ಪಟ್ಟಾದಾಗ ವೇಗವೂ ದುಪ್ಪಟ್ಟಾಗುವ ಗೆರೆ) ಒಂದೇ ಮನೆ ಕೆಳಗಿದ್ದರೂ ಅರ್ಧ ವೇಗ ಹೋಯಿತೆಂದೇ ಅರ್ಥ. ಪರದೆಯ ಮೇಲೆ ಅದು ಬೆರಳಗಲ ಕಾಣುತ್ತದೆ, ಅಷ್ಟೇ.

ವೇಗ ಯಾಕೆ ಸೋರುತ್ತದೆ? ಹತ್ತಿ ಬಿಡಿಸುವ ಹೊಲವನ್ನೇ ನೆನೆಯಿರಿ. ಒಬ್ಬರೇ ಮಾಡಿದರೆ ಬಿಡಿಸಲು 95 ನಿಮಿಷ, ತೂಕಕ್ಕೆ 5 ನಿಮಿಷ. ತಕ್ಕಡಿ ಒಂದೇ. 19 ಆಳು ಇಳಿದರೆ ಬಿಡಿಸುವುದು 5 ನಿಮಿಷಕ್ಕೆ ಮುಗಿಯುತ್ತದೆ, ತೂಕ ಮಾತ್ರ ಅದೇ 5. ಒಟ್ಟು 10 ನಿಮಿಷ, ಅಂದರೆ 10 ಪಟ್ಟು, 19 ಅಲ್ಲ. ಊರಿಗೆ ಊರೇ ಇಳಿದರೂ 20 ಪಟ್ಟು ದಾಟದು. 1967ರಲ್ಲಿ ಕಂಪ್ಯೂಟರ್ ತಜ್ಞ ಜೀನ್ ಆಮ್ಡಾಲ್ ಮುಂದಿಟ್ಟ ವಾದ ಇದೇ. ಪ್ರತಿ ಉಪನ್ಯಾಸದಲ್ಲೂ ಆ ತಕ್ಕಡಿ, ಅಂದರೆ ಹಂಚಿಕೊಳ್ಳಲಾಗದ ಕೆಲಸ, ಎಲ್ಲಿದೆ ಎಂದು ಹುಡುಕಿ.

ಜಿಪಿಯುನಿಂದ (ಒಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಗ್ರಾಫಿಕ್ಸ್ ಚಿಪ್) 100 ಪಟ್ಟು ವೇಗ ಎಂದರೆ ಕೈಯೆತ್ತಿ ಕೇಳಿ: “ಹೋಲಿಸಿದ್ದು ಒಂದೇ ಕೋರಿಗೋ, ಇಡೀ ಸಿಪಿಯುಗೋ? ಎರಡೂ ಕಡೆ 64 ಬಿಟ್‌ನ, ಅಂದರೆ ಹೆಚ್ಚು ನಿಖರತೆಯ, ಲೆಕ್ಕವೇ?” ಹಲವು ದೊಡ್ಡ ಅಂಕಿಗಳು ಇಲ್ಲೇ ಕರಗುತ್ತವೆ. ಸಭೆಯಲ್ಲಿ ಸಂಕೋಚವಾದರೆ ಪೋಸ್ಟರ್‌ಗಳ ಬಳಿ ಹೋಗಿ. ಅಲ್ಲಿ ನಿಂತಿರುವವರು ಹೆಚ್ಚಾಗಿ ಸಂಶೋಧನಾ ವಿದ್ಯಾರ್ಥಿಗಳು. ಉಪನ್ಯಾಸದಲ್ಲಿ ಹೇಳದ ಸೋತ ಪ್ರಯೋಗಗಳನ್ನೂ ಕೇಳಿದರೆ ಹೇಳುತ್ತಾರೆ, ಅದೇ ನಿಜವಾದ ಲಾಭ.

ಪ್ರಶ್ನೆ: ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ 3.3 ಪೆಟಾಫ್ಲಾಪ್ಸ್ ಎನ್ನುತ್ತಾರೆ. ಹಾಗೆಂದರೇನು?
– ಓದುಗರು, ರಾಯಚೂರು

ಉತ್ತರ: ಸೆಕೆಂಡಿಗೆ 33 ಕೋಟಿ ಕೋಟಿ ದಶಮಾಂಶ ಲೆಕ್ಕ. ಇದು ಗರಿಷ್ಠ ಸಾಮರ್ಥ್ಯ. ನಿತ್ಯದ ಕೆಲಸದಲ್ಲಿ ಅಷ್ಟು ಸಿಗದು, ಮೆಮೊರಿಯಿಂದ ದತ್ತಾಂಶ ಬರುವವರೆಗೆ ಪ್ರೊಸೆಸರ್ ಕಾಯುತ್ತ ಕೂಡುತ್ತದೆ. ಅಮೆರಿಕದ ಫ್ರಾಂಟಿಯರ್ ಸೂಪರ್‌ಕಂಪ್ಯೂಟರ್, ವೇಗ ಅಳೆಯುವ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ 1,000 ಪೆಟಾಫ್ಲಾಪ್ಸ್ ದಾಟಿದರೂ, ಮೆಮೊರಿಯನ್ನು ಹೆಚ್ಚು ದುಡಿಸುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಸುಮಾರು 14ಕ್ಕೆ ನಿಲ್ಲುತ್ತದೆ.