ಭಾಷಣ ಬರ್ಕೊಟ್ಟೋರು ಥೀಸಿಸ್ ಬರ್ಕೊಡಬಹುದಾ?

ರಿಟೈರ್ ಆದ್ಮೇಲೆ ಬರವಣಿಗೆ, ಎಡಿಟಿಂಗ್ ಅಂತ ಕೈಹಾಕಿ ನಿದ್ದೆ ಕೆಡಿಸ್ಕೊಂಡು ಬರೋರು ಆಪ್ತಸಲಹೆಗಾರ್ತಿಯಾದ ನನಗೆ ಹೊಸಬರಲ್ಲ, ಮಾತಾಡ್ತಾ ಹೋದ್ರೆ ಕೊನೆಗೆ ಹೆಚ್ಚುಕಮ್ಮಿ ಒಂದೇ ಸಂಕಟ ಹೊರಗೆ ಬರುತ್ತೆ, ಅದಕ್ಕೇ ಇದನ್ನ ಬರೀತಿದೀನಿ. ಅಂಥ ಒಬ್ಬರ ವಿಷಯ ಇದು; ಗುರುತು ಸಿಗೋ ವಿವರ ಬದಲಾಯಿಸಿದೀನಿ, ಅವರ ಒಪ್ಪಿಗೆನೂ ಇದೆ.

ಇವರು ಬೇರೆ ಜಿಲ್ಲೆಯ ಒಂದು ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲಿ ಸರ್ವಿಸ್ ಮುಗಿಸಿ, 60ಕ್ಕೆ ನಿವೃತ್ತರಾಗಿ ದಾವಣಗೆರೆಗೆ ಬಂದು ಮನೆ ಮಾಡಿದೋರು. ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ನಡಾವಳಿ, ಸುತ್ತೋಲೆ, ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಗೆ ಕೊಡೋ ರಿಪೋರ್ಟು, ಕುಲಪತಿಗಳ ಭಾಷಣ ಎಲ್ಲಾ ಇವರ ಕೈಯಿಂದಲೇ ಹೋಗ್ತಿತ್ತು. ಪೆನ್ಷನ್ ಇದೆ, ದುಡ್ಡಿನ ತಾಪತ್ರಯ ಇಲ್ಲ. ಸುಮ್ನೆ ಕೂರೋಕಾಗದೆ ಒಂದು ಡಿಟಿಪಿ ಅಂಗಡಿ ಮೂಲಕ ಕರಡು ತಿದ್ದೋದು ಶುರು ಮಾಡಿದ್ರು. ಮೊದಲು ಸಹಕಾರ ಸಂಘದ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಆಮೇಲೆ ಪಿಎಚ್‌ಡಿ ಥೀಸಿಸ್. ಒಬ್ಬ ಹುಡುಗ ಎರಡು ಅಧ್ಯಾಯ ತಿದ್ದಿಸ್ಕೊಂಡು, ಮೂರನೇದಕ್ಕೆ ಬರೀ ಪಾಯಿಂಟ್ಸ್ ತಂದು ಮುಂದಿಟ್ಟು "ಸಾರ್, ನೀವೇ ಬರ್ದ್‌ಬಿಡ್ರಿ" ಅಂತ ಅಡ್ವಾನ್ಸ್ ಕೊಟ್ಟು ಹೋದ. ನಿದ್ದೆ ಹೋಗಿದ್ದು ಆಗಿನಿಂದ.

ಮೊದಮೊದಲು ಬರೀ ಬಿಪಿ, ವಯಸ್ಸು ಅಂತಿದ್ರು. ಒಂದಿನ ತಾವಾಗೇ, ಸ್ವಲ್ಪ ಸಿಟ್ಟಲ್ಲೇ ಕೇಳಿದ್ರು: "ಮೇಡಂ, ಕುಲಪತಿಗಳಿಗೆ ಎಷ್ಟೋ ಭಾಷಣ ಬರ್ಕೊಟ್ಟೀನ್ರಿ. ಅವರು ಓದಿದ್ರು, ಜನ ಚಪ್ಪಾಳೆ ತಟ್ಟಿದ್ರು, ಅದು ತಪ್ಪಾಗ್ಲಿಲ್ಲ. ಈಗ ಈ ಹುಡುಗನಿಗೆ ಬರ್ಕೊಟ್ರೆ ಹೆಂಗ್ ತಪ್ಪಾಗ್ತತಿ?"

ಪ್ರಶ್ನೆ ನ್ಯಾಯವಾಗೇ ಇತ್ತು, ಹಾರಿಸೋ ಹಂಗಿರಲಿಲ್ಲ. ನಾನಂದೆ, ಸರ್, ಭಾಷಣ ಓದಿದ್ದಕ್ಕೆ ಕುಲಪತಿಗಳಿಗೆ ಯಾರೂ ಪದವಿ ಕೊಡಲ್ಲ, ಅದು ಕಚೇರಿಯ ಮಾತು, ಕಚೇರಿಯೋರು ಬರೆದ್ರು. ಥೀಸಿಸ್‌ನಲ್ಲಿ ನೋಡೋದೇ ಆ ಹುಡುಗನ ಕೈಲಾಗುತ್ತಾ ಅನ್ನೋದನ್ನ.

ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ರು: "ನಾ ಪರೀಕ್ಷಾ ವಿಭಾಗದಾಗೂ ಇದ್ದೆ ಮೇಡಂ. ಇನ್ನೊಬ್ಬನ ಹಾಲ್‌ಟಿಕೆಟ್ ಹಿಡ್ಕಂಡು ಪರೀಕ್ಷೆ ಬರ್ಯಾಕೆ ಬಂದು ಸಿಕ್ಕಿಬಿದ್ದೋರ ಫೈಲ್ ನಾನೇ ಪುಟ್ ಅಪ್ ಮಾಡ್ತಿದ್ದೆ. ಈಗ ಅವರ ಜಾಗದಾಗೆ ನಾನೇ ಕುಂತೀನಲ್ರಿ."

ಆಗ ನಾನು ನೇರವಾಗೇ ಹೇಳಿದೆ: ತಿದ್ದಿದ ಎರಡು ಅಧ್ಯಾಯದ ದುಡ್ಡು ಇಟ್ಕೊಳ್ಳಿ, ಮಿಕ್ಕಿದ್ದು ವಾಪಸ್ ಕೊಡಿ. ಮುಂದೆ ಕೆಲಸ ತಗೊಳ್ಳೋ ಮುಂಚೆ ಏನ್ ಮಾಡ್ತೀರಿ ಏನ್ ಮಾಡಲ್ಲ ಅಂತ ಒಂದು ಹಾಳೇಲಿ ಬರೆದು ಕೊಡಿ. ಕಾಗುಣಿತ, ವಾಕ್ಯ, ಅಡಿಟಿಪ್ಪಣಿ, ಗ್ರಂಥಸೂಚಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿರೋದನ್ನ ಯೂನಿಕೋಡ್‌ಗೆ ತರೋದು, ಇದೆಲ್ಲ ಮಾಡಿ, ಮರ್ಯಾದೆಯಿಂದ ರೇಟ್ ಹೇಳಿ. ವಾದ, ಮಾಹಿತಿ, ಅಧ್ಯಾಯ ಕಟ್ಟೋದು ವಿದ್ಯಾರ್ಥಿದು.

ಆಪ್ತಸಲಹೆಗಾರರು ಇಷ್ಟು ನೇರವಾಗಿ ಸಲಹೆ ಕೊಡಬಾರದು, ಅವರೇ ದಾರಿ ಕಂಡ್ಕೋಬೇಕು ಅಂತ ನಮ್ಮ ಕ್ಷೇತ್ರದ ಗೆಳತಿಯೊಬ್ಬರು ಆಕ್ಷೇಪ ಮಾಡಿದ್ರು. ದಾರಿ ಅವರೇ ಕಂಡಿದ್ರು, ತಮ್ಮ ಬಾಯಲ್ಲೇ ಹೇಳಿದ್ರು. ಅಷ್ಟಾದ ಮೇಲೂ ಸುಮ್ನೆ ತಲೆ ಆಡಿಸ್ಕೊಂಡು ಕೂತಿದ್ರೆ ಅವರನ್ನ ಒಂಟಿ ಬಿಟ್ಟಂಗಾಗ್ತಿತ್ತು ಅನ್ನೋದು ನನ್ನ ನಂಬಿಕೆ. ಇನ್ನೂ ಒಂದು ಕಾರಣ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಮಾಡಿದ ಕೃತಿಚೌರ್ಯದ ನಿಯಮದ ಪ್ರಕಾರ ಥೀಸಿಸ್‌ಗೆ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10 ದಾಟಿದ್ರೆ ತಿದ್ದಿ ಮತ್ತೆ ಕೊಡಬೇಕು, ಶೇ. 60 ಮೀರಿದ್ರೆ ನೋಂದಣಿನೇ ರದ್ದು. ಆದ್ರೆ ಇನ್ನೊಬ್ಬರು ಹೊಸದಾಗಿ ಬರ್ಕೊಟ್ಟಿದ್ದು ಹೋಲಿಕೆ ಹುಡುಕೋ ಸಾಫ್ಟ್‌ವೇರ್‌ಗೆ ಎಲ್ಲಿ ಸಿಗುತ್ತೆ? ಇದು ನನ್ನ ಸ್ವಂತ ಕೆಲಸ ಅಂತ ವಿದ್ಯಾರ್ಥಿ ಅದೇ ನಿಯಮದಡಿ ಬರೆದುಕೊಡೋ ಮುಚ್ಚಳಿಕೆ ಸುಳ್ಳಾಗುತ್ತೆ, ಆ ಸುಳ್ಳು ಗೊತ್ತಿರೋದು ಇಬ್ಬರಿಗೇ. ಜೀವನಪೂರ್ತಿ ಕಡತ ಸರಿಯಾಗಿಟ್ಟ ಮನುಷ್ಯ ಅದನ್ನ ಹೊತ್ಕೊಂಡು ಮಲಗೋಕಾಗಲ್ಲ, ನಿದ್ರೆ ಮಾತ್ರೆಯಿಂದ ಅದು ಸರಿಹೋಗಲ್ಲ.

ಹುಡುಗ ಸಿಟ್ಟು ಮಾಡ್ಕೊಂಡ, ಬೇರೆ ಯಾರ್ನೋ ಹುಡುಕ್ಕೊಂಡಿರಬಹುದು. ಇವರು ಈಗ ಥೀಸಿಸ್ ಬಂದ್ರೆ ಮೊದಲು "ಗೈಡ್‌ಗೆ ಹೇಳೀರಾ?" ಅಂತ ಕೇಳ್ತಾರಂತೆ, ಹಿಂಜರಿದ್ರೆ ಫೈಲ್ ಮುಟ್ಟಲ್ಲ. ಕೆಲಸ ಕಮ್ಮಿಯಾಗಿದೆ. ನಿದ್ದೆ ಬರ್ತಿದೆ, ಪೂರ್ತಿ ಸರಿಹೋಗಿಲ್ಲ, ಇನ್ನೂ ಬರ್ತಾ ಇದಾರೆ.